ಆ ನಾಲ್ಕು ಸಾಲು ಬರೆದ ಮೇಡಂ

ಅವರು ಪ್ರೋಗ್ರಾಂ ಬರೆಯೋದನ್ನ ಕೊನೆಯಿಂದ ಶುರು ಮಾಡೋರು. ನಾವೆಲ್ಲ ಮೊದಲು ಡೇಟಾಬೇಸಿನ ಕನೆಕ್ಷನ್ ತಗೊಳ್ಳೋ ಸಾಲು ಬರೆದು, ಆಮೇಲೆ ಕೆಲಸ ಬರೆದು, ನೆನಪಾದರೆ ಕೊನೆಗೆ ಅದನ್ನು ವಾಪಸ್ ಬಿಡೋ ಸಾಲು ಬರೆಯುತ್ತೇವೆ. ಅವರು ಖಾಲಿ ಪರದೆಯ ಮೇಲೆ ಮೊದಲು ಬಿಡುವ ಸಾಲನ್ನು ಬರೆದು, ಒಂದು ಸಲ ಓದಿಕೊಂಡು, ಕರ್ಸರನ್ನು ಮೇಲಕ್ಕೆ ತಂದು ಆಮೇಲೆ ತಗೊಳ್ಳುವ ಸಾಲು ಬರೆಯುತ್ತಿದ್ದರು. ಮೊದಲ ದಿನ ನೋಡಿ ನನಗೆ ನಗು ಬಂತು.

"ಏನ್ ಮೇಡಂ, ಊಟಕ್ಕೆ ಮುಂಚೆನೇ ಎಲೆ ಎತ್ತಾಕ್ತಿದೀರಲ್ಲ?"

"ಎಲೆ ಎಲ್ಲಿ ಹಾಕ್ಬೇಕು ಅಂತ ಮೊದ್ಲೇ ನೋಡ್ಕೊಂಡ್ರೆ ಊಟ ನೆಮ್ಮದಿಯಾಗಿ ಆಗ್ತದೆ ಸಾರ್," ಅಂದರು, ತಲೆ ಎತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಹತ್ತು ಜನರ ಮುಂದೆ ಆ ಹೆಸರು ಹೇಳಿ ನಾನು ಮಾಡಿದ್ದೇ ಸಾಕು. ಏನು ಮಾಡಿದೆ ಅಂತ ಹೇಳೋಕೇ ಇದನ್ನು ಬರೆಯುತ್ತಿರೋದು. ಆದರೆ ಅವರು ಎಂಥವರು ಅನ್ನೋದು ತಿಳಿಯದೆ ನನ್ನ ಕೆಲಸ ಎಂಥದ್ದು ಅನ್ನೋದು ತಿಳಿಯೋದಿಲ್ಲ.

ತುಮಕೂರಲ್ಲಿ ನಾನು ಮೊದಲು ಇಟ್ಟದ್ದು ಜೆರಾಕ್ಸ್ ಅಂಗಡಿ. ಆಮೇಲೆ ಡಿಟಿಪಿ, ಆಮೇಲೆ ಕಂಪ್ಯೂಟರ್ ಕ್ಲಾಸು, ಆಮೇಲೆ ಸಣ್ಣಪುಟ್ಟ ಆಫೀಸುಗಳಿಗೆ ಸಾಫ್ಟ್‌ವೇರ್. ಪ್ರೋಗ್ರಾಮಿಂಗನ್ನು ಅಲ್ಲಿ ಇಲ್ಲಿ ನೋಡಿ ಕಲಿತೆ. ಚೆನ್ನಾಗಿ ಕಲಿತದ್ದು ಒಂದೇ ವಿದ್ಯೆ: ಎದುರಿಗೆ ಕೂತ ಮನುಷ್ಯ ಎಷ್ಟು ಹೇಳಿದರೆ ಎಷ್ಟಕ್ಕೆ ಇಳೀತಾನೆ ಅನ್ನೋದು. ಹನ್ನೆರಡು ಅಂದವನ ಹೊಟ್ಟೆಯಲ್ಲಿ ಎಂಟು ಇರುತ್ತೆ. ಎಂಟು ಅಂದರೆ ಅವನು ಹತ್ತು ಅಂತಾನೆ, ಇಬ್ಬರಿಗೂ ಗೆದ್ದ ಹಾಗೆ ಆಗುತ್ತೆ. ಈ ಲೆಕ್ಕ ನನ್ನ ಕೈ ಬಿಟ್ಟದ್ದು ಮೇಡಂ ಹತ್ತಿರ ಮಾತ್ರ.

ಅವರ ಮನೆ ಕುಣಿಗಲ್, ಹುಟ್ಟಿದ್ದು ಅಮೃತೂರು ಕಡೆ. ತುಮಕೂರಿನ ಒಂದು ಖಾಸಗಿ ಕಾಲೇಜಲ್ಲಿ ಜಾವಾ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದರು. ಆ ವಿಭಾಗ ಮುಚ್ಚಿದಾಗ ಐವತ್ತರ ಹತ್ತಿರದ ವಯಸ್ಸಲ್ಲಿ, ಸರ್ಟಿಫಿಕೇಟುಗಳ ಫೈಲು ಹಿಡಿದು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಪರೀಕ್ಷೆಗೆ ಅಂತ ಒಂದು ಕೆಲಸ ಕೊಟ್ಟು ಎಷ್ಟು ದಿನ ಬೇಕು ಅಂದೆ.

"ಹನ್ನೆರಡು."

"ಎಂಟರಲ್ಲಿ ಮುಗಿಸಿ ಮೇಡಂ."

"ಹನ್ನೆರಡು ಸಾರ್."

"ಹೋಗ್ಲಿ, ಹತ್ತು."

"ಸಾರ್, ನಾನು ರೇಟ್ ಹೇಳ್ತಿಲ್ಲ. ದಿನ ಹೇಳ್ತಿದೀನಿ."

ಹನ್ನೆರಡನೇ ದಿನ ಮಧ್ಯಾಹ್ನ ಮುಗಿಸಿಕೊಟ್ಟರು. ಈ ಕಸುಬಿಗೆ ಬರುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳದಿದ್ದರೂ ಹೇಳುವ ಚಾಳಿ ನನ್ನದು. ದಿನ ಕೇಳುವವರಲ್ಲಿ ಎರಡು ಥರ. ಜಾಸ್ತಿ ಹೇಳಿ ಇಳಿಯೋರು ಒಂದು, ಎಷ್ಟು ಬೇಕೋ ಅಷ್ಟೇ ಹೇಳೋರು ಇನ್ನೊಂದು. ಎರಡನೆಯವರನ್ನು ಇಳಿಸಿದರೆ ಕಳಕೊಳ್ಳೋದು ಅವರಲ್ಲ.

ಅವರು ಸಾಧು ಅಂತ ತಿಳಕೋಬೇಡಿ. ಚಿಲ್ಲರೆ ಕೊಡದ ಕಂಡಕ್ಟರ್ ಜೊತೆ ಕುಣಿಗಲ್‌ನಿಂದ ತುಮಕೂರುವರೆಗೂ ಜಗಳ ಆಡಿಕೊಂಡು ಬಂದು, ಆಫೀಸಲ್ಲಿ ಅದನ್ನೇ ನಟನೆ ಮಾಡಿ ತೋರಿಸಿ, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗೋರು. ನಾನು ಫೋನಲ್ಲಿ ಚೌಕಾಸಿ ಮಾಡೋದನ್ನ ಕೇಳಿಸಿಕೊಂಡು, "ಸಾರ್ ಹೆರಿಗೆ ಆಸ್ಪತ್ರೇಲೂ ನರ್ಸ್ ಜೊತೆ ಟೈಮಿಂಗ್ ಮಾತಾಡ್ಕೊಂಡೇ ಹುಟ್ಟಿರ್ಬೇಕು," ಅಂದಿದ್ದರು. ಲಿಫ್ಟ್ ಕಂಡರೆ ಭಯ. ಪಕ್ಕದವರ ಡಬ್ಬಿಯ ಉಪ್ಪಿನಕಾಯಿ ಅಂದರೆ ಪ್ರಾಣ.

ಆಗ ನಮಗೆ ತುಮಕೂರಿನ ಒಂದು ಆಸ್ಪತ್ರೆಯ ಕೆಲಸ ಸಿಕ್ಕಿತು. ನನ್ನ ಮಟ್ಟಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ರೋಗಿ ಕೌಂಟರಿನಲ್ಲಿ ಹೆಸರು ಬರೆಸಿ, ಡಾಕ್ಟರ್ ಹತ್ತಿರ ಹೋಗಿ, ರಕ್ತ ಕೊಟ್ಟು, ರಿಪೋರ್ಟ್ ಬಂದ ಮೇಲೆ ಮತ್ತೆ ಡಾಕ್ಟರ್ ಹತ್ತಿರ ಬಂದು, ಔಷಧಿ ತಗೊಂಡು ಹೋಗೋವರೆಗೆ ಅವನ ಜೊತೆ ನಡೆಯುವ ಸಾಫ್ಟ್‌ವೇರ್. ಒಬ್ಬೊಬ್ಬ ರೋಗಿಗೂ ಸರ್ವರ್ ಒಳಗೆ ಒಂದೊಂದು ಚಿಕ್ಕ ಘಟಕ ಹುಟ್ಟಿ, ಅವನು ಎಲ್ಲಿಯವರೆಗೆ ಬಂದ ಅನ್ನೋದನ್ನ ನೆನಪಿಟ್ಟುಕೊಂಡಿರುತ್ತೆ. ಜಾವಾದವರು ಇದನ್ನು ಸ್ಟೇಟ್‌ಫುಲ್ ಬೀನ್ ಅಂತಾರೆ. ರೋಗಿ ರಿಪೋರ್ಟಿಗೆ ಕಾದು ಕೂತಿದ್ದಾಗ ಬೀನಿಗೂ ಕೆಲಸವಿಲ್ಲ. ಸರ್ವರ್ ಅದನ್ನು ಡಿಸ್ಕಿಗೆ ಕಳಿಸಿ ಮಲಗಿಸಿಬಿಡುತ್ತೆ. ಮತ್ತೆ ಕರೆ ಬಂದಾಗ ಎಬ್ಬಿಸುತ್ತೆ.

ಮಲಗುವ ಮುಂಚೆ ಕೈಯಲ್ಲಿರುವ ಕನೆಕ್ಷನ್ ಬಿಡಬೇಕು, ಎದ್ದ ಮೇಲೆ ಹೊಸದಾಗಿ ತಗೋಬೇಕು. ಇದು ಯಾಕೆ ಅಂತ ನನಗೆ ತಲೆಗೆ ಹೋಗಿರಲಿಲ್ಲ. ಮೇಡಂ ಆಸ್ಪತ್ರೆಯ ಹಜಾರದಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದರು.

"ಅಲ್ನೋಡಿ ಸಾರ್. ರಕ್ತ ಕೊಟ್ಟು ಬೆಂಚ್ ಮೇಲೆ ಕೂತಿದಾರಲ್ಲ ಆ ಯಜಮಾನ್ರು. ಅವ್ರ ವೀಲ್‌ಚೇರು ಪಕ್ಕದಲ್ಲಿ ಖಾಲಿ ನಿಂತಿದೆ. ಮಗಳು ಅದರ ಹಿಡಿ ಬಿಡ್ತಾಳಾ ನೋಡಿ? ಬಿಟ್ರೆ ಮತ್ತೆ ಸಿಗಲ್ಲ ಅಂತ ಭಯ. ಇಲ್ಲಿರೋದು ಎಂಟು. ಹಿಂಗೆ ಎಂಟು ಜನ ಹಿಡ್ಕೊಂಡು ಕೂತ್ರೆ ಗೇಟಲ್ಲಿ ಇಳಿದೋರಿಗೆ ಒಂದೂ ಇಲ್ಲ. ಆಸ್ಪತ್ರೆ ತುಂಬಾ ವೀಲ್‌ಚೇರು, ಕಾಲಿಲ್ದೋರಿಗೆ ಮಾತ್ರ ಇಲ್ಲ. ಕನೆಕ್ಷನ್ನೂ ಇಷ್ಟೇ ಅಂತ ಲೆಕ್ಕ ಇರ್ತದೆ."

"ಕೊನೆಗೆ ಬೀನು ಸಾಯುವಾಗ ಬಿಡುತ್ತಲ್ಲ ಮೇಡಂ? ಅಲ್ಲಿ ಒಂದು ಸಾಲು ಬರೆದಿದೀರಲ್ಲ."

"ಏಳದೇ ಇದ್ರೆ? ರಿಪೋರ್ಟ್ ನಾಳೆ ತಗೊಳ್ಳೋಣ ಬಾ ಅಂತ ಮನೆಗೆ ಹೋದ್ರೆ? ಹೊತ್ತು ಮೀರಿದ್ರೆ ಮಲಗಿರೋ ಬೀನನ್ನ ಸರ್ವರ್ರು ಹಂಗಂಗೇ ಎಸೆದ್ಬಿಡ್ತದೆ. ಎಬ್ಬಿಸಿ, 'ತಗೊಂಡಿದ್ದು ಕೊಟ್ಟು ಹೋಗಪ್ಪ' ಅಂತ ಕೇಳಲ್ಲ. ಸಾಯುವಾಗ ಮಾಡ್ತೀನಿ ಅಂತ ಬರೆದಿಟ್ಟ ಸಾಲು ಓಡೋದೇ ಇಲ್ಲ ಸಾರ್."

ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕಿತ್ತು. ಒಂದೊಂದು ಬೀನಿಗೆ ಒಂದೊಂದು ಪುಟ. ಪುಟಕ್ಕೆ ನಾಲ್ಕು ಮನೆ: ಹುಟ್ಟು, ನಿದ್ದೆ, ಎಚ್ಚರ, ಸಾವು. ಪ್ರತಿ ಮನೆಯಲ್ಲಿ ಏನು ತಗೊಂಡೆ, ಏನು ಬಿಟ್ಟೆ. ನಿದ್ದೆಯ ಮನೆಗೆ ಕೆಂಪು ಪೆನ್ನಿನ ಗೆರೆ.

ಆ ನಿದ್ದೆಯನ್ನು ಪರೀಕ್ಷೆ ಮಾಡೋಕೆ ಹತ್ತು ದಿನ ಕೇಳಿದರು. ನೂರಾರು ಬೀನುಗಳನ್ನು ಒಟ್ಟಿಗೆ ಮಲಗಿಸಿ, ಅರ್ಧವನ್ನು ಎಬ್ಬಿಸದೆ ಬಿಟ್ಟು ನೋಡಬೇಕು ಅಂದರು. ನಾನು ಅಷ್ಟರಲ್ಲಿ ಆಸ್ಪತ್ರೆಯವರಿಗೆ ದಿನ ಮಾತು ಕೊಟ್ಟಾಗಿತ್ತು. ಮೂರು ದಿನ ಕೊಟ್ಟೆ. ಅವತ್ತು ಅವರು ವಾದ ಮಾಡಲಿಲ್ಲ. "ಸಾಲುಗಳು ಸರಿಯಾಗಿವೆ ಸಾರ್. ಯಾರೂ ಮುಟ್ಟದಿದ್ರೆ ನಡೀತದೆ," ಅಂದರು.

ಆಸ್ಪತ್ರೆಯ ಮ್ಯಾನೇಜರ್ ಎದುರು ನಾನು ಸಾಫ್ಟ್‌ವೇರ್ ಓಡಿಸಿ ತೋರಿಸಿದ ದಿನ ಎಲ್ಲ ಚೆನ್ನಾಗಿಯೇ ಹೋಯಿತು. ಮಧ್ಯೆ ಎಲ್ಲರೂ ಟೀ ಕುಡಿದು ಬಂದು ಅದೇ ರೋಗಿಯ ಪುಟ ಒತ್ತಿದಾಗ, ಪರದೆ ಮೂರು ನಾಲ್ಕು ಸೆಕೆಂಡು ಸುಮ್ಮನೆ ನಿಂತಿತು. ಬೀನು ಎದ್ದು, ಕನೆಕ್ಷನ್ ತಗೊಂಡು, ವಿವರ ಮತ್ತೊಮ್ಮೆ ಓದಿ ತಾಳೆ ನೋಡುತ್ತಿತ್ತು, ಅಷ್ಟೇ.

"ಏನ್ರೀ, ನಿಮ್ ಸಾಫ್ಟ್‌ವೇರ್ ಆಕಳಿಸ್ತದಲ್ರೀ!" ಅಂದರು ಮ್ಯಾನೇಜರು. ಸುತ್ತ ಇದ್ದವರೆಲ್ಲ ನಕ್ಕರು. "ನಾಳೆ ಡಾಕ್ಟರುಗಳಿಗೆ ತೋರಿಸ್ಬೇಕು. ಹಿಂಗಿದ್ರೆ ಆಗಲ್ಲ."

ಮಾರನೇ ದಿನ ಮೇಡಂ ರಜೆ. ಹುತ್ರಿದುರ್ಗದ ನೆಂಟರ ಮನೆಯಲ್ಲಿ ಗೃಹಪ್ರವೇಶ. ಫೋನ್ ಮಾಡಬಹುದಿತ್ತು. ಮಾಡಿದರೆ 'ಹತ್ತು ದಿನ' ಅಂತಾರೆ ಅಂತ ಗೊತ್ತಿತ್ತು. ಬೆಳಗ್ಗೆ ನಾನೇ ಫೈಲ್ ತೆರೆದೆ. ಮಲಗುವ ಮುಂಚೆ ಬಿಡುವ ಎರಡು ಸಾಲು, ಎದ್ದಾಗ ತಗೊಳ್ಳುವ ಎರಡು ಸಾಲು, ನಾಲ್ಕಕ್ಕೂ ಓಡದ ಹಾಗೆ ಗುರುತು ಹಾಕಿ, ಕನೆಕ್ಷನ್ನನ್ನು ಬಿಡದೆ ಪಕ್ಕದಲ್ಲಿ ಇಟ್ಟುಕೊಂಡು ಎದ್ದ ಕೂಡಲೇ ಅದನ್ನೇ ಕೈಗೆ ಕೊಡೋ ಹಾಗೆ ಮಾಡಿದೆ. ಮಧ್ಯಾಹ್ನ ಡಾಕ್ಟರುಗಳ ಮುಂದೆ ಪರದೆ ಪಟ್ ಅಂತ ಬಂತು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಮೇಡಂಗೆ ಹೇಳಲಿಲ್ಲ. ಆ ವಾರ ಹೇಳೋಣ ಅಂದುಕೊಂಡೆ, ಆಮೇಲೆ ಮರೆತೆ ಅಂತ ಬರೆಯೋಣ ಅನ್ನಿಸುತ್ತಿದೆ. ಮರೆತಿರಲಿಲ್ಲ.

ಸೋಮವಾರ ಸಾಫ್ಟ್‌ವೇರ್ ಶುರುವಾಯಿತು; ನಾನು, ಮೇಡಂ ಇಬ್ಬರೂ ಬೆಳಗ್ಗೆಯಿಂದ ಆಸ್ಪತ್ರೆಯಲ್ಲೇ ಇದ್ದೆವು. ಸೋಮವಾರ ಅಂದರೆ ಆ ಆಸ್ಪತ್ರೆಗೆ ಗುಬ್ಬಿ, ಗೂಳೂರು, ಕುಣಿಗಲ್ ಎಲ್ಲ ಕಡೆಯ ಜನ. ಹತ್ತೂವರೆವರೆಗೂ ಹೂವೆತ್ತಿದ ಹಾಗೆ ನಡೆಯಿತು. ಹನ್ನೊಂದರ ಹೊತ್ತಿಗೆ ಮೊದಲು ಒಂದು ಕೌಂಟರ್ ನಿಂತಿತು, ಆಮೇಲೆ ಪಕ್ಕದ್ದು, ಆಮೇಲೆ ಔಷಧಿ ಕೊಡೋ ಕಡೆಯದು. ಬೆಂಚುಗಳ ಮೇಲೆ ರಿಪೋರ್ಟಿಗೆ ಕಾಯುತ್ತಿದ್ದ ಪ್ರತಿಯೊಬ್ಬರ ಹೆಸರಲ್ಲಿ ಒಂದೊಂದು ಬೀನು ಕನೆಕ್ಷನ್ ಹಿಡಕೊಂಡು ಮಲಗಿತ್ತು. ಹೊಸಬರಿಗೆ ಒಂದೂ ಉಳಿದಿರಲಿಲ್ಲ.

ಕ್ಯೂ ಗೇಟು ದಾಟಿ ರಸ್ತೆಗೆ ಹೋಯಿತು. ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಗೆ ಅಂತ ಏನೂ ತಿನ್ನದೆ ಗುಬ್ಬಿಯಿಂದ ಬಂದಿದ್ದ ಒಬ್ಬರು ತಾತ ಕ್ಯೂನಲ್ಲೇ ಕುಸಿದರು. ಮೇಡಂ ಓಡಿಹೋಗಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನರ್ಸ್ ಬಂದು ನೋಡಿ ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತರು. ಮ್ಯಾನೇಜರು ಮೇಲಿಂದ ಇಳಿದು ಬಂದರು.

"ಯಾರ್ರೀ ಬರೆದಿದ್ದು ಇದನ್ನ?"

ಮೇಡಂ ನನ್ನಿಂದ ಮೂರು ಅಡಿ ದೂರದಲ್ಲಿ ನಿಂತಿದ್ದರು. ನಾನು ಅವರ ಹೆಸರು ಹೇಳಿದೆ. "ಮೇಡಂ ಬರೆದ ಭಾಗ ಸಾರ್ ಅದು. ನಾನು ಮಾತಾಡ್ತೀನಿ, ಸರಿ ಮಾಡಿಸ್ತೀನಿ."

ಸುಳ್ಳೇನಲ್ಲ. ಆ ಭಾಗ ಬರೆದದ್ದು ಅವರೇ. ನನ್ನ ಜಾಣತನ ಇರೋದೇ ಅಲ್ಲಿ, ಯಾರೂ ಹಿಡಿಯಲಾಗದ ಹಾಗೆ ಹೇಳೋದರಲ್ಲಿ.

ಕೌಂಟರಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಒಂದು ಗಂಟೆಯಿಂದ ಜನರ ಬೈಗುಳ ತಿಂದು ಮುಖ ಕೆಂಪಗಾಗಿತ್ತು. ಎದ್ದು ನಿಂತು ಮೇಡಂ ಕಡೆ ತಿರುಗಿದಳು. "ಓದ್ಕೊಂಡು ಬಂದಿದೀರಾ ಮೇಡಂ ನೀವು? ನೀವು ಎಸಿ ರೂಮಲ್ಲಿ ಕೂತು ಬರೀತೀರಿ, ಬೈಸ್ಕೊಳೋರು ನಾವು. ಆ ತಾತಂಗೆ ಏನಾದ್ರೂ ಆಗೋಗಿದ್ರೆ ಏನ್ ಮಾಡ್ತಿದ್ರಿ? ನಿಮ್ ವಯಸ್ಸಿಗಾದ್ರೂ ಸ್ವಲ್ಪ ಜವಾಬ್ದಾರಿ ಬೇಡ್ವಾ?"

ನಮ್ಮ ಆಫೀಸಲ್ಲಿ ಎಸಿ ಇರಲಿಲ್ಲ. ಮೇಡಂ ಅದನ್ನೂ ಹೇಳಲಿಲ್ಲ. ಲ್ಯಾಪ್‌ಟಾಪನ್ನು ಫೈಲುಗಳ ಬೀರುವಿನ ಮೇಲೆ ಇಟ್ಟು ನಿಂತುಕೊಂಡೇ ತೆರೆದರು. ಯಾವ ಸಾಲನ್ನು ಯಾರು ಬದಲಾಯಿಸಿದರು ಅನ್ನೋದು ಹೆಸರು, ತಾರೀಕು ಸಮೇತ ಸಾಲಿನ ಪಕ್ಕದಲ್ಲೇ ಬರುತ್ತೆ. ನಾಲ್ಕು ಸಾಲಿನ ಪಕ್ಕ ನಾಲ್ಕು ಸಲ ನನ್ನ ಹೆಸರು. ಅವರು ಓದಿದರು. ಒಂದು ಸಲ ನನ್ನನ್ನು ನೋಡಿದರು, ಬಸ್ಸಿನ ಬೋರ್ಡು ಸರಿಯಾಗಿ ಓದಿದೆನಾ ಅಂತ ನೋಡುವ ಹಾಗೆ. ಆಮೇಲೆ ಕೆಲಸ ಮಾಡಿದರು. ಹತ್ತು ನಿಮಿಷ ಆಯಿತೇನೋ. ಸರ್ವರ್ ಮತ್ತೆ ಶುರುವಾಯಿತು.

"ಈಗ ನೋಡಮ್ಮ," ಅಂದರು ಆ ಹುಡುಗಿಗೆ.

ಬಸ್‌ಸ್ಟ್ಯಾಂಡಿನವರೆಗೂ ನನ್ನ ಗಾಡಿಯಲ್ಲಿ ಬಿಟ್ಟೆ. ಇಳಿಯುವಾಗ ಅಂದೆ, "ಆ ಹೊತ್ತಿಗೆ ಹಂಗೆ ಹೇಳ್ಬೇಕಾಯ್ತು ಮೇಡಂ. ವ್ಯವಹಾರ ಅಲ್ವಾ."

"ಸರಿ ಸಾರ್."

ಮಾರನೇ ದಿನ ಮ್ಯಾನೇಜರು, "ಆ ಮೇಡಮ್ಮನ್ನ ಇನ್ಮೇಲೆ ನಮ್ ಕೆಲಸಕ್ಕೆ ಕಳಿಸ್ಬೇಡಿ," ಅಂದರು. ಆಗಲಿ ಸಾರ್ ಅಂದೆ. ಮುಂದಿನ ತಿಂಗಳು ಮೇಡಂ ಕೆಲಸ ಬಿಟ್ಟರು. ಪಾಸ್‌ವರ್ಡುಗಳು, ಬೀಗದ ಕೈ, ಆ ನೋಟ್‌ಬುಕ್ಕು ಎಲ್ಲ ಮೇಜಿನ ಮೇಲೆ ಜೋಡಿಸಿ, ಒಂದೊಂದನ್ನೂ ನನ್ನ ಕೈಲಿ ಮುಟ್ಟಿಸಿ ಹೋದರು.

ಇಲ್ಲಿಗೆ ಮುಗಿದಿದ್ದರೆ ಅವಸರದಲ್ಲಿ ಆದ ಒಂದು ತಪ್ಪು ಅನ್ನಬಹುದಿತ್ತು. ಇನ್ನೊಂದಿದೆ. ತುಮಕೂರಿನ ಬೇರೊಂದು ಸಾಫ್ಟ್‌ವೇರ್ ಆಫೀಸಿನವರು ಅವರನ್ನು ತಗೊಳ್ಳೋ ಮುಂಚೆ ನನಗೆ ಫೋನ್ ಮಾಡಿ ಕೇಳಿದರು, ಹೆಂಗೆ ಇವ್ರು ಅಂತ. "ತುಂಬಾ ಒಳ್ಳೆಯವ್ರು. ಸ್ವಲ್ಪ ನಿಧಾನ. ಆಸ್ಪತ್ರೇಲಿ ಒಂದು ತೊಂದ್ರೆ ಆಗಿತ್ತು, ಕೇಳಿರ್ತೀರಲ್ಲ," ಅಂದೆ. ಯಾಕೆ ಹೇಳಿದೆ? ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ಹೊಂದಾಣಿಕೆ ಇರಲಿ ಅಂತ. ಆ ಕೆಲಸ ಅವರಿಗೆ ಸಿಗಲಿಲ್ಲ. ಗುಬ್ಬಿ ಹತ್ತಿರದ ಕಾಲೇಜಿಗೆ ಪಾಠ ಮಾಡೋಕೆ ಹೋದರು; ಕುಣಿಗಲ್‌ನಿಂದ ತುಮಕೂರು, ಅಲ್ಲಿ ಬಸ್ ಬದಲಿಸಿ ಗುಬ್ಬಿ, ನಿವೃತ್ತಿಯವರೆಗೂ ಅಷ್ಟೂ ವರ್ಷ ದಿನಾ ಎರಡೆರಡು ಬಸ್ಸು. ಪ್ರೋಗ್ರಾಂ ಬರೆಯೋ ಕೆಲಸಕ್ಕೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಈಚೆಗೆ ಅವರು ನಿವೃತ್ತರಾದರು. ವಿದ್ಯಾರ್ಥಿಗಳು ಸೇರಿ ಒಂದು ಪುಸ್ತಕ ತರುತ್ತೇವೆ, ನೀವೂ ಎರಡು ಪುಟ ಬರೆದುಕೊಡಿ ಸಾರ್ ಅಂದರು. ಬರೆದೆ. ಶ್ರದ್ಧೆ, ತಾಳ್ಮೆ, ಶಿಸ್ತು ಎಲ್ಲ ಬರೆದೆ. ಅಚ್ಚಾಗಿ ಬಂದ ಮೇಲೆ ಮೇಡಂ ಫೋನ್ ಮಾಡಿದರು.

"ಓದ್ದೆ ಸಾರ್. ಚೆನ್ನಾಗಿ ಬರ್ದಿದೀರಿ. ನಮ್ಮನೆಯವ್ರು ಎರಡು ಸಲ ಓದಿಸ್ಕೊಂಡ್ರು." ಪುಟ ಮಗುಚುವ ಸದ್ದು ಕೇಳಿಸಿತು. "ಆಸ್ಪತ್ರೆ ವಿಷಯನೂ ಬರ್ದಿದೀರಿ. ತೊಂದರೆ ಬಂದಾಗ ನಾವಿಬ್ಬರೂ ಸೇರಿ ಸರಿಪಡಿಸಿದೆವು ಅಂತ."

"ಹೂಂ ಮೇಡಂ."

"ಹೌದಾ ಸಾರ್," ಅಂದರು. ಅಷ್ಟೇ. ಆಮೇಲೆ ಈ ಸಲ ಕುಣಿಗಲ್‌ನಲ್ಲಿ ಬಿಸಿಲು ಜಾಸ್ತಿ ಅಂದು ಫೋನ್ ಇಟ್ಟರು.

ನನ್ನ ಜೀವನದಲ್ಲಿ ಬೇಕಾದಷ್ಟು ಜನ ನನ್ನನ್ನು ಬೈದಿದ್ದಾರೆ. ಯಾವುದೂ ಆ 'ಹೌದಾ ಸಾರ್' ಥರ ಒಳಗೆ ಇಳಿದಿಲ್ಲ. ಭಾನುವಾರ ಕುಣಿಗಲ್‌ಗೆ ಹೋದೆ. ಮಜ್ಜಿಗೆ ಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ, ಆ ನಾಲ್ಕು ಸಾಲು, ಆಮೇಲೆ ಆ ಫೋನು.

"ಸಾಲಿನ ವಿಷಯ ಅವತ್ತೇ ನೋಡಿದ್ನಲ್ಲ ಸಾರ್. ಫೋನಿನದ್ದು ಗೊತ್ತಿರ್ಲಿಲ್ಲ." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಓ. ಅದಕ್ಕಾ."

"ಅವತ್ತೇ ಯಾಕೆ ಹೇಳ್ಲಿಲ್ಲ ಮೇಡಂ, ಎಲ್ಲರ ಎದುರು?"

"ನೀವು ಹೇಳ್ತೀರಿ ಅಂತ ಕಾದೆ. ಸಂಜೆವರ್ಗೂ ಕಾದೆ. ಆಮೇಲೆ ತಿಂಗಳ ಕೊನೇವರ್ಗೂ."

ನನಗೆ ಸುಮ್ಮನಿರೋಕೆ ಬರೋದಿಲ್ಲ. ಪುಸ್ತಕ ಮತ್ತೆ ಅಚ್ಚು ಹಾಕಿಸ್ತೀನಿ ಅಂದೆ, ತುಮಕೂರಲ್ಲಿ ಒಂದು ಸನ್ಮಾನ ಇಟ್ಟುಕೊಳ್ಳೋಣ ಅಂದೆ, ನಮ್ಮ ಹುಡುಗರಿಗೆ ವಾರಕ್ಕೊಂದು ಪಾಠ ಮಾಡಿ ಅಂದೆ. ಅವರು ಕೈ ಅಡ್ಡ ಹಿಡಿದು ನಕ್ಕುಬಿಟ್ಟರು.

"ಇಲ್ಲೂ ಚೌಕಾಸಿನಾ ಸಾರ್? ನಂಗೇನೂ ಬೇಡ. ನಂಗೆ ಗೊತ್ತಿರೋದನ್ನ ನಂಗೆ ಹೇಳಿ ಏನಾಗ್ಬೇಕು? ಅವತ್ತು ಕೌಂಟರಲ್ಲಿ ಒಂದು ಹುಡುಗಿ ಇದ್ಲಲ್ಲ. ಅವಳು ಬೈದದ್ದು ಒಂದಕ್ಷರನೂ ತಪ್ಪಿಲ್ಲ, ಬೈಸ್ಕೋಬೇಕಾದೋಳು ನಾನಲ್ಲ ಅಷ್ಟೇ. ಇವತ್ತಿಗೂ ಅವಳ ಲೆಕ್ಕದಲ್ಲಿ ಆ ತಾತನ್ನ ಬೀಳಿಸಿದ್ದು ನಾನು. ಹೇಳೋದಿದ್ರೆ ಅವಳಿಗೆ ಹೇಳಿ."

ಆಸ್ಪತ್ರೆಯ ಕೆಲಸ ಈಗಲೂ ನನ್ನದೇ. ಆ ಹುಡುಗಿಯೂ ಅಲ್ಲೇ ಇದ್ದಾಳೆ, ಈಗ ನೋಂದಣಿ ವಿಭಾಗಕ್ಕೆಲ್ಲ ಅವಳೇ ಯಜಮಾನಿ. ಸೋಮವಾರ ಹೋದೆ.

"ಬನ್ನಿ ಸಾರ್, ಪ್ರಿಂಟರ್ ವಿಷಯನಾ?" ಅಂದಳು, ಚೀಟಿ ಹರಿದುಕೊಡುತ್ತ.

"ಒಳಗೆ ಕೂತು ಮಾತಾಡೋಣ್ವಾ ಅಮ್ಮ?"

"ಇಲ್ಲೇ ಹೇಳಿ ಸಾರ್, ಕ್ಯೂ ನೋಡಿ ಎಷ್ಟಿದೆ."

ಅಲ್ಲೇ ಹೇಳಿದೆ. ಮುಂದೆ ನಿಂತಿದ್ದ ಐದಾರು ಜನಕ್ಕೂ ಕೇಳಿಸಿತು. ಹೇಳುತ್ತ ಹೋದ ಹಾಗೆ ಅವಳ ಕೈ ನಿಧಾನವಾಗಿ, ಆಮೇಲೆ ನಿಂತೇಹೋಯಿತು. ನನ್ನನ್ನು ಬೈತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಯ್ಯೋ, ನಾನಲ್ಲ ಅಂತ ಅವ್ರು ಒಂದು ಮಾತೂ ಅನ್ಲಿಲ್ವಲ್ಲ ಸಾರ್. ನಾನು ಅವ್ರ ವಯಸ್ಸಿನ ಬಗ್ಗೆನೂ ಏನೋ ಅಂದ್ಬಿಟ್ಟಿದ್ದೆ. ನಂಬರ್ ಇದ್ಯಾ ನಿಮ್ ಹತ್ರ?"

ಕೊಟ್ಟೆ. "ಎರಡ್ ನಿಮಿಷ ಇರ್ರಪ್ಪ," ಅಂತ ಕ್ಯೂಗೆ ಹೇಳಿ, ಕೌಂಟರಿನ ಗಾಜು ಎಳೆದು, ತನ್ನ ಫೋನಿನಿಂದಲೇ ಮಾಡಿದಳು. ಗಾಜಿನ ಸಂದಿಯಿಂದ ನನಗೆ ಕೇಳಿಸಿತು. "ಮೇಡಂ, ನಾನು ಆಸ್ಪತ್ರೆ ಕೌಂಟರಿನವಳು. ಅವತ್ತು ನಿಮಗೆ ಬೈದಿದ್ನಲ್ಲ, ಅವಳು. ತಪ್ಪಾಯ್ತು ಮೇಡಂ."

ಅಷ್ಟೇ. ಅರ್ಧ ನಿಮಿಷವೂ ಆಗಲಿಲ್ಲ. ನನಗೆ ವರ್ಷಗಟ್ಟಲೆ ಬಾಯಿಗೆ ಬರದ ಮಾತು. ಆ ಕಡೆಯಿಂದ ಏನು ಹೇಳಿದರೋ, ಅವಳು ಕಣ್ಣು ಒರೆಸಿಕೊಳ್ಳುತ್ತಲೇ ನಗೋಕೆ ಶುರುಮಾಡಿದಳು. ಆಮೇಲೆ ತನ್ನ ಮಗಳ ಸ್ಕೂಲಿನ ವಿಷಯ ಹೇಳುತ್ತ ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು. ಇಬ್ಬರ ಮಾತಿನಲ್ಲೂ ನನಗೆ ಜಾಗವಿರಲಿಲ್ಲ.

"ಏನ್ ಸಾರ್, ಕ್ಯೂ ಯಾಕ್ ನಿಂತೋಯ್ತು?" ಹಿಂದಿನಿಂದ ಯಾರೋ ಜೋರಾಗಿ ಕೇಳಿದರು.

"ನನ್ನಿಂದಲೇ ಯಜಮಾನ್ರೇ," ಅಂದೆ. "ಎರಡು ನಿಮಿಷ."